ನಾಣ್ಯವಿಲ್ಲದ ಮಹಾರಾಜರು, ಎರಡು ವಿಶ್ವವಿದ್ಯಾನಿಲಯಗಳ ನಾಣ್ಯಗಳು



2016ರಲ್ಲಿ ಭಾರತ ಸರ್ಕಾರ ಎರಡು ವಿಶ್ವವಿದ್ಯಾನಿಲಯಗಳ ಶತಮಾನೋತ್ಸವದ ನೆನಪಿಗೆ ನಾಣ್ಯಗಳನ್ನು ಹೊರಡಿಸಿತು. ಒಂದು, ನಮ್ಮ ಘಟ್ಟದ ಆಚೆ ಬದಿಯಲ್ಲೇ ಇರುವ ಮೈಸೂರು ವಿಶ್ವವಿದ್ಯಾನಿಲಯ. ಇನ್ನೊಂದು, ದೂರದ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯ. ಎರಡೂ ಹುಟ್ಟಿದ್ದು 1916ರಲ್ಲಿ. ಎರಡಕ್ಕೂ ಮೊದಲ ಕುಲಾಧಿಪತಿಯಾಗಿದ್ದವರು ಒಬ್ಬರೇ: ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು.

ಇದರಲ್ಲಿ ಒಂದು ವಿಚಿತ್ರವಿದೆ. ನಾಲ್ವಡಿಯವರು ರಾಜರಾಗಿದ್ದರೂ ತಮ್ಮ ಹೆಸರಿನಲ್ಲಿ ಒಂದು ಕಾಸನ್ನೂ ಅಚ್ಚು ಹಾಕಿಸಲಿಲ್ಲ. ಹಾಕಿಸುವ ಅಧಿಕಾರವೇ ಅವರಿಗೆ ಇರಲಿಲ್ಲ. ನಾಣ್ಯವಿಲ್ಲದ ಆ ರಾಜರು ಬೆಳೆಸಿದ ವಿದ್ಯಾಸಂಸ್ಥೆಗಳಿಗೆ ನೂರು ವರ್ಷಗಳ ಬಳಿಕ ನಾಣ್ಯದ ಗೌರವ ಸಿಕ್ಕಿತು. ಇದು ಹೇಗಾಯಿತು, ನೀಲಗಿರಿಯಲ್ಲಿರುವ ನಮಗೂ ಇದಕ್ಕೂ ಏನು ಸಂಬಂಧ ಎಂಬುದನ್ನು ಈ ಸಲ ನೋಡೋಣ.

ಸ್ಮರಣಾರ್ಥ ನಾಣ್ಯ ಎಂದರೇನು?

ನಾವು ದಿನವೂ ಅಂಗಡಿಯಲ್ಲಿ ಕೊಟ್ಟು ತೆಗೆದುಕೊಳ್ಳುವುದು ಚಲಾವಣೆಯ ನಾಣ್ಯ. ಒಬ್ಬ ವ್ಯಕ್ತಿಯ, ಒಂದು ಸಂಸ್ಥೆಯ ಅಥವಾ ಒಂದು ಘಟನೆಯ ನೆನಪಿಗೆ ಹೊರಡಿಸುವುದು ಸ್ಮರಣಾರ್ಥ ನಾಣ್ಯ. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಬಂದದ್ದು 1964ರಲ್ಲಿ. ಆ ವರ್ಷ ಮೇ ತಿಂಗಳಲ್ಲಿ ತೀರಿಕೊಂಡ ಜವಾಹರಲಾಲ್ ನೆಹರೂ ಅವರ ಮುಖವಿದ್ದ ಒಂದು ರೂಪಾಯಿ ಮತ್ತು ಐವತ್ತು ಪೈಸೆಯ ನಾಣ್ಯಗಳು ಅವು. 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ನಾಣ್ಯಗಳು ಬಂದವು. ಅಲ್ಲಿಂದ ಈಚೆಗೆ ಬಂದವುಗಳ ಪಟ್ಟಿ ಬಹಳ ಉದ್ದವಿದೆ.

ನಾಣ್ಯ ಅಚ್ಚು ಹಾಕುವುದು ರಿಸರ್ವ್ ಬ್ಯಾಂಕಿನ ಕೆಲಸ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ಕೇಂದ್ರ ಸರ್ಕಾರದ ಅಧಿಕಾರ. ಯಾವ ಲೋಹ, ಎಷ್ಟು ತೂಕ, ಎಷ್ಟು ಅಗಲ, ಯಾವ ಚಿತ್ರ ಎಂಬುದನ್ನು ಸರ್ಕಾರ ಗೊತ್ತುಪಡಿಸಿ ಗೆಜೆಟ್‌ನಲ್ಲಿ ಪ್ರಕಟಿಸುತ್ತದೆ. ಮುಂಬೈ, ಕೋಲ್ಕತ್ತಾ, ಹೈದರಾಬಾದ್ ಮತ್ತು ನೋಯ್ಡಾದ ನಾಲ್ಕು ಟಂಕಸಾಲೆಗಳಲ್ಲಿ ಅದು ತಯಾರಾಗುತ್ತದೆ. ಚಲಾವಣೆಯ ನಾಣ್ಯಗಳನ್ನು ಜನರಿಗೆ ತಲುಪಿಸುವುದಷ್ಟೇ ರಿಸರ್ವ್ ಬ್ಯಾಂಕಿನ ಪಾಲು. ನಿಮ್ಮ ಜೇಬಿನ ನಾಣ್ಯದಲ್ಲಿ ಇಸವಿಯ ಕೆಳಗೆ ನೋಡಿ. ಅಲ್ಲಿ ಪುಟ್ಟ ವಜ್ರದ ಆಕಾರವಿದ್ದರೆ ಅದು ಮುಂಬೈಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆಯಿದ್ದರೆ ನೋಯ್ಡಾದ್ದು. ಏನೂ ಗುರುತು ಇಲ್ಲದಿದ್ದರೆ ಅದು ಕೋಲ್ಕತ್ತಾದ್ದು.

100 ರೂಪಾಯಿ ಮುಖಬೆಲೆಯ ಸ್ಮರಣಾರ್ಥ ನಾಣ್ಯಗಳು ಅಂಗಡಿಯ ವ್ಯವಹಾರಕ್ಕೆ ಬರುವುದಿಲ್ಲ. ಅವು ಸಂಗ್ರಹಕಾರರಿಗೆಂದು ತಯಾರಾಗುತ್ತವೆ. ಈಚಿನ ವರ್ಷಗಳಲ್ಲಿ ಇಂಥ ನಾಣ್ಯದ ತೂಕ ಸಾಮಾನ್ಯವಾಗಿ 35 ಗ್ರಾಂ, ಅಗಲ 44 ಮಿಲಿಮೀಟರ್. ಅದರಲ್ಲಿ ಬೆಳ್ಳಿ ನೂರಕ್ಕೆ 50 ಭಾಗ, ತಾಮ್ರ 40, ನಿಕಲ್ 5, ಸತು 5. ಅಂದರೆ ಒಂದು ನಾಣ್ಯದಲ್ಲಿ ಹದಿನೇಳೂವರೆ ಗ್ರಾಂ ಬೆಳ್ಳಿ ಇರುತ್ತದೆ. ಆದ್ದರಿಂದಲೇ 100 ರೂಪಾಯಿ ಎಂದು ಬರೆದಿದ್ದರೂ ಟಂಕಸಾಲೆ ಅದನ್ನು ಹಲವು ಪಟ್ಟು ಹೆಚ್ಚು ಬೆಲೆಗೆ ಮಾರುತ್ತದೆ. ಒಂದು ಬದಿಯಲ್ಲಿ ಅಶೋಕ ಸ್ತಂಭದ ಸಿಂಹಗಳು ಮತ್ತು ಮುಖಬೆಲೆ ಇರುತ್ತವೆ. ಇನ್ನೊಂದು ಬದಿ ಯಾರನ್ನು ನೆನೆಯುತ್ತೇವೋ ಅವರದು.

ರಾಜನ ಮುಖ, ರಾಜನ ಅಧಿಕಾರ

ಹಿಂದಿನ ಕಾಲದಲ್ಲಿ ನಾಣ್ಯದ ಮೇಲಿನ ಮುಖ ನೆನಪಿಗಾಗಿ ಇರುತ್ತಿರಲಿಲ್ಲ, ಅಪ್ಪಣೆಗಾಗಿ ಇರುತ್ತಿತ್ತು. ಇಲ್ಲಿ ಆಳುವವನು ನಾನು ಎಂದು ಊರೂರಿಗೂ ಸಾರುವ ವಸ್ತು ಅದು. ತೆರಿಗೆಯ ನಾಣ್ಯವನ್ನು ಕೈಗೆ ತೆಗೆದುಕೊಂಡು ಇದರ ಮೇಲಿರುವುದು ಯಾರ ಮುಖ ಎಂದು ಯೇಸುಸ್ವಾಮಿ ಕೇಳಿದ ಪ್ರಸಂಗ ನಮಗೆಲ್ಲ ಗೊತ್ತು. ರೋಮಿನ ಚಕ್ರವರ್ತಿಯ ಮುಖವಿದ್ದ ಆ ಬೆಳ್ಳಿಯ ಬಿಲ್ಲೆ ಯೆಹೂದ್ಯರಿಗೆ ತಮ್ಮ ದಾಸ್ಯವನ್ನು ದಿನವೂ ನೆನಪಿಸುತ್ತಿತ್ತು. ಪ್ರಶ್ನೆಯಲ್ಲಿ ಅಷ್ಟು ಖಾರ ಇದ್ದದ್ದು ಅದಕ್ಕೇ.

ಮೈಸೂರಿನ ಒಡೆಯರೂ ಮೊದಲು ನಾಣ್ಯ ಹೊರಡಿಸುತ್ತಿದ್ದರು. 17ನೇ ಶತಮಾನದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಚಿನ್ನದ ಪುಟ್ಟ ನಾಣ್ಯಕ್ಕೆ ಕಂಠೀರಾಯಿ ಹಣ ಎಂದು ಹೆಸರು. ಗಾತ್ರ ಹೆಚ್ಚು ಕಡಿಮೆ ಬೇಳೆಕಾಳಿನಷ್ಟು. ಅದರ ಮೇಲೆ ಇದ್ದದ್ದು ರಾಜನ ಮುಖವಲ್ಲ, ನರಸಿಂಹನ ಚಿತ್ರ. ಮುಂದೆ ಹೈದರಾಲಿ ತನ್ನ ವರಹಗಳ ಮೇಲೆ ಶಿವ ಪಾರ್ವತಿಯರ ಹಳೆಯ ಚಿತ್ರವನ್ನೇ ಉಳಿಸಿಕೊಂಡ. ಟಿಪ್ಪುವಿನ ತಾಮ್ರದ ಕಾಸುಗಳ ಮೇಲೆ ಆನೆ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಕೈಯಲ್ಲಿದ್ದ ನೀಲಗಿರಿ ಕಂಪನಿಯ ಪಾಲಾಯಿತು. ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿತು. ಬಾಲಕನಾಗಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳಲ್ಲಿ ಕನ್ನಡ ಅಕ್ಷರಗಳಿವೆ. ಕೆಲವು ಕಾಸುಗಳಲ್ಲಿ ಕನ್ನಡ, ಪಾರ್ಸಿ, ಇಂಗ್ಲಿಷ್ ಮೂರೂ ಇವೆ. ಆ ಕಾಲದ ಮೈಸೂರಿನಲ್ಲಿ ಎಷ್ಟು ಅಧಿಕಾರಗಳು ಒಂದರ ಮೇಲೊಂದು ಕುಳಿತಿದ್ದವು ಎಂಬುದು ಆ ಒಂದು ಕಾಸಿನಲ್ಲೇ ಕಾಣುತ್ತದೆ.

1831ರಲ್ಲಿ ಬ್ರಿಟಿಷರು ಮುಮ್ಮಡಿಯವರಿಂದ ಆಡಳಿತವನ್ನು ಕಿತ್ತುಕೊಂಡು ಕಮಿಷನರ ಕೈಗೆ ಕೊಟ್ಟರು. ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು. 1843ರಲ್ಲಿ ಅದೂ ಮುಚ್ಚಿತು. ಐವತ್ತು ವರ್ಷಗಳ ಕಮಿಷನರ ಆಡಳಿತದ ನಂತರ 1881ರ ಮಾರ್ಚ್ 25ರಂದು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿಸಿದರು. ಆದರೆ ಹಸ್ತಾಂತರದ ಪತ್ರದಲ್ಲಿ ಷರತ್ತುಗಳಿದ್ದವು. ಅವುಗಳಲ್ಲಿ ಒಂದು, ಬಹಳ ಕಾಲದಿಂದ ನಿಂತುಹೋಗಿರುವ ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಮತ್ತೆ ಆರಂಭಿಸಕೂಡದು ಎಂಬುದು. ಪಕ್ಕದ ಹೈದರಾಬಾದಿನ ನಿಜಾಮರಿಗೂ ತಿರುವಾಂಕೂರಿನ ಮಹಾರಾಜರಿಗೂ ತಮ್ಮದೇ ನಾಣ್ಯಗಳಿದ್ದವು. ಮೈಸೂರಿಗೆ ಮಾತ್ರ ಆ ಹಕ್ಕು ಹಿಂದಿರುಗಲಿಲ್ಲ.

ಹಾಗಾಗಿ ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಊಟಿಯ ಸಂತೆಯಲ್ಲಿ ನಡೆದ ರೂಪಾಯಿಯೇ ಮೈಸೂರಿನ ಸಂತೆಯಲ್ಲೂ ನಡೆಯುತ್ತಿತ್ತು. ಮೊದಲು ವಿಕ್ಟೋರಿಯಾ ರಾಣಿ, ಆಮೇಲೆ ಏಳನೇ ಎಡ್ವರ್ಡ್, ಅನಂತರ ಐದನೇ ಜಾರ್ಜ್. 1911ರಲ್ಲಿ ಐದನೇ ಜಾರ್ಜನ ಹೊಸ ರೂಪಾಯಿ ಬಂದಾಗ ಒಂದು ಫಜೀತಿಯಾಯಿತು. ಅವನ ನಿಲುವಂಗಿಯ ಮೇಲಿದ್ದ ಪುಟ್ಟ ಆನೆ ಜನರ ಕಣ್ಣಿಗೆ ಹಂದಿಯ ಹಾಗೆ ಕಂಡಿತು. ಹಂದಿಯ ಗುರುತಿದ್ದ ನಾಣ್ಯವನ್ನು ಮುಟ್ಟುವುದಾದರೂ ಹೇಗೆ ಎಂಬ ಗೊಂದಲ ಎದ್ದಿತು. ಮರುವರ್ಷವೇ ಅಚ್ಚನ್ನು ತಿದ್ದಿ, ಸೊಂಡಿಲು ಸ್ಪಷ್ಟವಾಗಿ ಕಾಣುವಂತೆ ಮಾಡಬೇಕಾಯಿತು. ಚಕ್ರವರ್ತಿಯ ಮುಖ ಎಷ್ಟೇ ಅಂದವಾಗಿದ್ದರೂ ಜನ ನಂಬದಿದ್ದರೆ ನಾಣ್ಯ ನಡೆಯುವುದಿಲ್ಲ. ಈ ಮಾತನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ನಾಣ್ಯದ ಬದಲು ಶಾಲೆ

ನಾಲ್ವಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1884ರ ಜೂನ್ 4ರಂದು. ತಂದೆ ಚಾಮರಾಜೇಂದ್ರ ಒಡೆಯರು 1894ರಲ್ಲಿ ಕಲ್ಕತ್ತಾದಲ್ಲಿ ಹಠಾತ್ತನೆ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯ ನಡೆಸಿದರು. 1902ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಮೈಸೂರಿಗೆ ಬಂದು ಹದಿನೆಂಟರ ಯುವಕನಿಗೆ ಪೂರ್ಣಾಧಿಕಾರ ಒಪ್ಪಿಸಿದರು. ಈ ಲೇಖನ ಓದುತ್ತಿರುವ ನಿಮ್ಮಲ್ಲಿ ಅನೇಕರ ವಯಸ್ಸು ಅಷ್ಟೇ ಇರಬಹುದು!

ಆಗ ಮೈಸೂರಿನಲ್ಲಿ ಕಾಲೇಜುಗಳಿದ್ದವು, ವಿಶ್ವವಿದ್ಯಾನಿಲಯ ಇರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಾಗಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಾಗಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಠ್ಯ, ಪರೀಕ್ಷೆ, ಪದವಿ ಎಲ್ಲವೂ ಅಲ್ಲಿಂದಲೇ. ಇಡೀ ದೇಶದಲ್ಲಿ ಇದ್ದದ್ದು ಕಲ್ಕತ್ತಾ, ಬೊಂಬಾಯಿ, ಮದರಾಸು, ಪಂಜಾಬ್, ಅಲಹಾಬಾದ್ ಎಂಬ ಐದೇ ವಿಶ್ವವಿದ್ಯಾನಿಲಯಗಳು. ಐದೂ ಬ್ರಿಟಿಷರ ನೇರ ಆಳ್ವಿಕೆಯ ಪ್ರದೇಶದಲ್ಲಿದ್ದವು. ಒಂದು ದೇಶೀ ಸಂಸ್ಥಾನ ತನ್ನದೇ ವಿಶ್ವವಿದ್ಯಾನಿಲಯ ಕಟ್ಟಬಹುದು ಎಂಬುದು ಆ ಕಾಲಕ್ಕೆ ಹೊಸ ಮಾತು. ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರು ಅದಕ್ಕೆ ಹಟ ಹಿಡಿದು ದುಡಿದರು, ಮಹಾರಾಜರು ಬೆನ್ನಿಗೆ ನಿಂತರು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮಹಾರಾಜರು ಕುಲಾಧಿಪತಿ, ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿ.

ಕಾಶಿಯಲ್ಲಿ ಅದೇ ವರ್ಷದ ಫೆಬ್ರವರಿ 4ರಂದು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಅಡಿಗಲ್ಲು ಸಮಾರಂಭ ನಡೆದಿತ್ತು. ಪಂಡಿತ ಮದನಮೋಹನ ಮಾಳವೀಯರು ಊರೂರು ತಿರುಗಿ, ರಾಜರ ಬಾಗಿಲಿಗೂ ಬಡವರ ಬಾಗಿಲಿಗೂ ಹೋಗಿ ಹಣ ಕೂಡಿಸಿ ಕಟ್ಟಿದ ಸಂಸ್ಥೆ ಅದು. ಆ ಸಮಾರಂಭದ ಸಾಲಿನಲ್ಲಿ ಎರಡು ದಿನಗಳ ಬಳಿಕ ನಡೆದ ಒಂದು ಸಭೆಯಲ್ಲಿ, ಆಫ್ರಿಕಾದಿಂದ ಹಿಂದಿನ ವರ್ಷವಷ್ಟೇ ಮರಳಿದ್ದ ಗಾಂಧೀಜಿ ಮಾತನಾಡಿದರು. ಮೈತುಂಬ ಒಡವೆ ಹೇರಿಕೊಂಡು ಕುಳಿತಿದ್ದ ರಾಜಮಹಾರಾಜರನ್ನು ನೋಡಿ, ಈ ಒಡವೆಗಳನ್ನು ಕಳಚಿ ದೇಶದ ಬಡವರಿಗಾಗಿ ಮೀಸಲಿಡುವವರೆಗೆ ಈ ದೇಶಕ್ಕೆ ಬಿಡುಗಡೆಯಿಲ್ಲ ಎಂಬ ಅರ್ಥದ ಮಾತನ್ನು ನೇರವಾಗಿ ಹೇಳಿಬಿಟ್ಟರು. ಸಭೆಯಲ್ಲಿ ಗದ್ದಲವೆದ್ದಿತು, ರಾಜರು ಎದ್ದು ಹೊರನಡೆದರು. ವಿದ್ಯೆಗೆ ರಾಜರ ಹಣ ಬೇಕಿತ್ತು, ನಿಜ. ಆದರೆ ಆ ಹಣ ಮೂಲದಲ್ಲಿ ರೈತನ ಬೆವರಿನದು ಎಂದು ಆ ವೇದಿಕೆಯಲ್ಲೇ ಒಬ್ಬರು ಹೇಳಿದ್ದು ಒಳ್ಳೆಯದಾಯಿತು.

ಈ ಎರಡು ವಿಶ್ವವಿದ್ಯಾನಿಲಯಗಳನ್ನು ಇನ್ನೊಬ್ಬರೂ ಜೋಡಿಸುತ್ತಾರೆ. ತಮಿಳುನಾಡಿನ ತಿರುತ್ತಣಿಯವರಾದ ಸರ್ವೇಪಲ್ಲಿ ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ವಶಾಸ್ತ್ರ ಕಲಿಸಿದರು. ಮುಂದೆ ಬನಾರಸಿನ ಕುಲಪತಿಯಾದರು, ಕೊನೆಗೆ ದೇಶದ ರಾಷ್ಟ್ರಪತಿಯಾದರು. ಅವರು ಮೈಸೂರು ಬಿಟ್ಟು ಹೊರಟಾಗ ವಿದ್ಯಾರ್ಥಿಗಳು ಕುದುರೆಗಳನ್ನು ಬಿಚ್ಚಿ, ತಾವೇ ಗಾಡಿಯನ್ನು ಎಳೆದುಕೊಂಡು ರೈಲು ನಿಲ್ದಾಣಕ್ಕೆ ಕರೆದೊಯ್ದರಂತೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲೇ ಓದಿದ ಕುವೆಂಪು ಅವರು 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾಗಿ, ಉನ್ನತ ವಿದ್ಯೆಯೂ ಕನ್ನಡದಲ್ಲಿ ಸಿಗಬೇಕೆಂದು ಶ್ರಮಿಸಿದರು.

ಬಾಗಿಲು ಯಾರಿಗೆ ತೆರೆಯಿತು?

ವಿಶ್ವವಿದ್ಯಾನಿಲಯ ಕಟ್ಟಿದರೆ ಸಾಕೇ? ಒಳಗೆ ಕಾಲಿಡುವವರು ಯಾರು? ನಾಣ್ಯದ ಮೇಲೆ ಒಂದು ಲಾಂಛನವೋ ಕಟ್ಟಡವೋ ಇರಬಹುದು. ಆ ಬಾಗಿಲ ಹೊರಗೆ ನಿಂತವರ ಕಥೆ ಅದರಲ್ಲಿ ಹಿಡಿಸುವುದಿಲ್ಲ.

ಆ ಕಥೆಯೂ ಮೈಸೂರಿನಲ್ಲಿ ಇದೆ. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನಾಯಿತು. ಆರಂಭವಾದದ್ದು ಆಯ್ದ ಕೆಲವು ಸ್ಥಳಗಳಲ್ಲಿ. 1915ರಲ್ಲಿ, ಪಂಚಮರೆಂದು ಊರ ಹೊರಗೆ ಇಟ್ಟಿದ್ದವರ ಮಕ್ಕಳನ್ನೂ ಸರ್ಕಾರಿ ಶಾಲೆಗಳಿಗೆ ಸೇರಿಸಿಕೊಳ್ಳಬೇಕೆಂಬ ಆದೇಶ ಬಂದಿತು. ಮೇಲುಜಾತಿಯವರಿಂದ ವಿರೋಧ ಬಂದರೂ ಸರ್ಕಾರ ಜಗ್ಗಲಿಲ್ಲ. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ಸರ್ಕಾರಿ ನೌಕರಿಗಳೆಲ್ಲ ಹೆಚ್ಚಾಗಿ ಒಂದೇ ಸಮುದಾಯದ ಕೈಯಲ್ಲಿರುವಾಗ ಉಳಿದವರಿಗೆ ಅವಕಾಶ ಮಾಡಿಕೊಡುವುದು ಹೇಗೆ ಎಂಬುದು ಅದರ ಮುಂದಿದ್ದ ಪ್ರಶ್ನೆ. ಹಿಂದುಳಿದ ಸಮುದಾಯಗಳಿಗೆ ನೌಕರಿಯಲ್ಲಿ ಪಾಲು, ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಬೇಕೆಂದು 1919ರಲ್ಲಿ ಸಮಿತಿ ವರದಿ ಕೊಟ್ಟಿತು. ನಮ್ಮ ದೇಶದಲ್ಲಿ ಮೀಸಲಾತಿಯ ಚರಿತ್ರೆ ಬರೆಯುವವರು ಈ ವರದಿಯನ್ನು ಬಿಟ್ಟು ಬರೆಯಲಾರರು.

ಇಲ್ಲಿ ಇಬ್ಬರು ದೊಡ್ಡವರ ನಡುವೆ ಭಿನ್ನಾಭಿಪ್ರಾಯ ಬಂದದ್ದನ್ನೂ ಹೇಳಬೇಕು. ನೌಕರಿಗೆ ಅರ್ಹತೆಯೊಂದೇ ಅಳತೆಗೋಲು ಆಗಬೇಕು, ಮೊದಲು ಎಲ್ಲರಿಗೂ ವಿದ್ಯೆ ಕೊಡೋಣ ಎಂಬುದು ವಿಶ್ವೇಶ್ವರಯ್ಯನವರ ನಿಲುವು. ವಿದ್ಯೆ ತಲುಪುವವರೆಗೆ ಕಾಯುತ್ತ ಕುಳಿತರೆ ಹಿಂದೆ ಬಿದ್ದವರು ಹಿಂದೆಯೇ ಉಳಿಯುತ್ತಾರೆ ಎಂಬುದು ಇನ್ನೊಂದು ಕಡೆಯವರ ವಾದ. ಮಹಾರಾಜರು ಎರಡನೆಯದರ ಕಡೆ ವಾಲಿದರು. 1918ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದಕ್ಕೆ ಇದೂ ಒಂದು ಕಾರಣ. ಈ ಚರ್ಚೆ ಇಂದಿಗೂ ನಮ್ಮ ಮನೆಗಳಲ್ಲಿ, ಕಾಲೇಜು ಕ್ಯಾಂಟೀನುಗಳಲ್ಲಿ ನಡೆಯುತ್ತಿದೆ. ಆದರೆ ಒಂದು ಮಾತು. ನಮ್ಮ ಧರ್ಮಕೇಂದ್ರಗಳಲ್ಲಿ ಮೊದಲ ಪದವೀಧರರು ಹುಟ್ಟಿದ ಮನೆಗಳು ಎಷ್ಟೋ ಇವೆ. ಟೀ ತೋಟದ ಲೈನ್ ಮನೆಯಿಂದ ಕಾಲೇಜಿಗೆ ಹೋದ ಹುಡುಗಿಗೆ ವಿದ್ಯಾರ್ಥಿವೇತನ ಎಂದರೆ ಏನು ಎಂದು ಯಾರೂ ವಿವರಿಸಬೇಕಾಗಿಲ್ಲ.

ನಮ್ಮ ಬೆಟ್ಟಕ್ಕೂ ಆ ಊರಿಗೂ ನಂಟು

ಮೈಸೂರಿನ ಅರಸು ಮನೆತನಕ್ಕೆ ಊಟಿ ಹೊಸದಲ್ಲ. ಫರ್ನ್‌ಹಿಲ್ ಅರಮನೆ ಅವರ ಬೇಸಿಗೆಯ ಬಿಡಾರವಾಗಿತ್ತು. ಮೈಸೂರಿನಿಂದ ಬಂಡೀಪುರ, ಮಸಿನಗುಡಿ, ಗೂಡಲೂರಿನ ಸುತ್ತ ಹಾಯುವ ದಾರಿಗಳಲ್ಲಿ ಅಂದಿನಿಂದ ಇಂದಿನವರೆಗೆ ಕನ್ನಡ ಮಾತು ನಿಂತಿಲ್ಲ.

ನಮ್ಮ ಧರ್ಮಸಭೆಯ ನಂಟು ಇನ್ನೂ ಹತ್ತಿರದ್ದು. ಉದಕಮಂಡಲ ಧರ್ಮಕ್ಷೇತ್ರ ಹುಟ್ಟಿದ್ದು 1955ರಲ್ಲಿ. ಅದಕ್ಕೆ ಮೊದಲು ನಾವು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ್ದೆವು. ಆದ್ದರಿಂದ ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯ ನಮ್ಮ ಅಜ್ಜ ಅಜ್ಜಿಯರಿಗೂ ತಮ್ಮದೇ ಪ್ರಧಾನಾಲಯವಾಗಿತ್ತು. ಆ ಜಾಗದಲ್ಲಿ ಮೊದಲ ದೇವಾಲಯ ಎದ್ದದ್ದು 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಮೈಸೂರಿನ ಟಂಕಸಾಲೆ ಮುಚ್ಚಿದ ವರ್ಷವೂ ಅದೇ. ಈಗಿನ ಎತ್ತರದ ಜೋಡಿ ಗೋಪುರಗಳ ದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಇಟ್ಟವರು ನಾಲ್ವಡಿಯವರು. ಸಂತ ಫಿಲೋಮಿನಾರ ಪವಿತ್ರ ಅವಶೇಷ ಮೈಸೂರಿಗೆ ಬರಲು ಕಾರಣರಾದ ಟಿ. ಆರ್. ಎ. ತಂಬುಚೆಟ್ಟಿಯವರು ಅದೇ ಮಹಾರಾಜರ ಕಾರ್ಯದರ್ಶಿಗಳಾಗಿದ್ದ ಕಥೋಲಿಕರು. 1946ರಲ್ಲಿ ಆ ಸಂತಳ ಹೆಸರಿನಲ್ಲೇ ಒಂದು ಕಾಲೇಜು ಆರಂಭವಾಗಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು.

ನೀಲಗಿರಿಯಲ್ಲೂ ವಿದ್ಯೆಯ ಸ್ಮಾರಕಗಳಿವೆ. ಲವ್‌ಡೇಲಿನ ಲಾರೆನ್ಸ್ ಶಾಲೆ 1858ರದು. ನೀಲಗಿರಿಯ ಮೊದಲ ಕಮಿಷನರ್ ಜೇಮ್ಸ್ ಬ್ರೀಕ್ಸ್ 1872ರಲ್ಲಿ ತೀರಿಕೊಂಡಾಗ ಅವರ ನೆನಪಿಗೆ ಊಟಿಯಲ್ಲಿ ಕಟ್ಟಿದ್ದು ಪ್ರತಿಮೆಯಲ್ಲ, ಒಂದು ಶಾಲೆ. ಜಾನ್ ಸಲಿವನ್ ಊಟಿಯಲ್ಲಿ ಮೊದಲಿಗೆ ಕಟ್ಟಿಸಿದ, ಊರವರ ಬಾಯಲ್ಲಿ ಕಲ್ಲು ಬಂಗ್ಲೆಯಾದ ಸ್ಟೋನ್ ಹೌಸ್, 1955ರಲ್ಲಿ ಆರಂಭವಾದ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಒಂದು ಕಾಲದಲ್ಲಿ ಆಳುವವರು ಕುಳಿತಿದ್ದ ಜಾಗದಲ್ಲಿ ಈಗ ತೋಟದ ಕೂಲಿಯವರ, ಬಡಗರ, ತೋಡರ, ಇರುಳರ, ನಮ್ಮ ನಿಮ್ಮೆಲ್ಲರ ಮಕ್ಕಳು ಓದಬಹುದು.

ಯಾರನ್ನು ನೆನೆಯುತ್ತೇವೆ?

ಇಂದು ರಾಜರ ಹೆಸರಿನಲ್ಲೂ ನಾಣ್ಯಗಳು ಬರುತ್ತವೆ. 1999ರಲ್ಲಿ ಶಿವಾಜಿಯ 2 ರೂಪಾಯಿ ಬಂತು. 2003ರಲ್ಲಿ ಮಹಾರಾಣಾ ಪ್ರತಾಪನ 1 ರೂಪಾಯಿ ಬಂತು. 2010ರಲ್ಲಿ, ರಾಜರಾಜ ಚೋಳ ಕಟ್ಟಿಸಿದ ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದಾಗ 1000 ರೂಪಾಯಿಯ ನಾಣ್ಯವೇ ಬಂತು. 2020ರ ಅಕ್ಟೋಬರಿನಲ್ಲಿ ಗ್ವಾಲಿಯರಿನ ರಾಜಮಾತೆ ವಿಜಯರಾಜೇ ಸಿಂಧಿಯಾ ಅವರ ನೆನಪಿಗೆ 100 ರೂಪಾಯಿಯ ನಾಣ್ಯ ಬಿಡುಗಡೆಯಾಯಿತು. ಮರುತಿಂಗಳೇ ಲಖನೌ ವಿಶ್ವವಿದ್ಯಾನಿಲಯದ ಶತಮಾನೋತ್ಸವಕ್ಕೆ ಇನ್ನೊಂದು ಬಂತು.

ಅದೇ ಪಟ್ಟಿಯಲ್ಲಿ ರಾಜ್ಯವಿಲ್ಲದವರೂ ಇದ್ದಾರೆ. ಬಿಜ್ಜಳನ ಅರಮನೆಯ ಅಧಿಕಾರ ಬಿಟ್ಟು ಹೊರಟ ಬಸವಣ್ಣನವರ ನಾಣ್ಯ 2006ರಲ್ಲಿ ಬಂತು. ಕೇರಳದ ಸಂತ ಅಲ್ಫೋನ್ಸಾರ ನಾಣ್ಯ 2009ರಲ್ಲಿ ಬಂತು. ಅವರು ಕಾಯಿಲೆ ಮೈಮುರಿಯುವ ಮುನ್ನ ಒಂದು ವರ್ಷದಷ್ಟು ಕಾಲ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ಕನ್ಯಾಸ್ತ್ರೀ. ಕಲ್ಕತ್ತಾದ ಮದರ್ ತೆರೇಸಾರ ನಾಣ್ಯ 2010ರಲ್ಲಿ ಬಂತು. ಅವರೂ ಬೀದಿಗೆ ಇಳಿಯುವ ಮೊದಲು ಸುಮಾರು ಹದಿನೇಳು ವರ್ಷ ಶಾಲಾ ಶಿಕ್ಷಕಿಯಾಗಿದ್ದವರು. ಚಕ್ರವರ್ತಿಗಳ ಮುಖ ಹೊರುತ್ತಿದ್ದ ಲೋಹ ಈಗ ಇಬ್ಬರು ಟೀಚರಮ್ಮಂದಿರ ಮುಖವನ್ನೂ ಹೊತ್ತಿದೆ. ಗಣರಾಜ್ಯ ಬಂದದ್ದರಿಂದ ಆದ ಬದಲಾವಣೆ ಇದು. 1950ರಲ್ಲಿ ಆರನೇ ಜಾರ್ಜನ ಮುಖ ಹೋಗಿ ಅಶೋಕನ ಸಿಂಹಗಳು ಬಂದಾಗಲೇ ಇದಕ್ಕೆ ದಾರಿಯಾಯಿತು.

ಹತ್ತು ರೂಪಾಯಿಯ ಅವಮಾನ

ಈಗ ನಮ್ಮ ಬೀದಿಗೆ ಬರೋಣ. ಸಂಗ್ರಹದ ಬೆಳ್ಳಿ ನಾಣ್ಯಕ್ಕೆ ಗಾಜಿನ ಪೆಟ್ಟಿಗೆ ಸಿಗುತ್ತದೆ. ಆದರೆ ಚಲಾವಣೆಗೆಂದೇ ಬಂದ 10 ರೂಪಾಯಿಯ ನಾಣ್ಯಕ್ಕೆ ನಮ್ಮ ಕಡೆ ಎಷ್ಟೋ ಅಂಗಡಿಗಳಲ್ಲಿ ಬೆಲೆಯೇ ಇಲ್ಲ. "ಇದು ಓಡಲ್ಲ, ನೋಟು ಕೊಡಿ" ಎನ್ನುತ್ತಾರೆ. ರೂಪಾಯಿಯ ಚಿಹ್ನೆ ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ ಎಂಬ ಮಾತು ಹಬ್ಬಿದೆ. ಹತ್ತು ಗೆರೆ ಇದ್ದರೆ ಸರಿ, ಹದಿನೈದಿದ್ದರೆ ತಪ್ಪು ಎಂಬ ಮಾತೂ ಇದೆ. ಎಲ್ಲವೂ ಗಾಳಿಮಾತು.

ರಿಸರ್ವ್ ಬ್ಯಾಂಕ್ 2018ರ ಜನವರಿ 17ರಂದು ಪ್ರಕಟಣೆ ಹೊರಡಿಸಿ ಇದನ್ನು ಸ್ಪಷ್ಟಪಡಿಸಿತು. ಆ ಹೊತ್ತಿಗೆ 14 ಬಗೆಯ 10 ರೂಪಾಯಿ ನಾಣ್ಯಗಳು ಬಂದಿದ್ದವು. ಹದಿನಾಲ್ಕೂ ಕಾನೂನುಬದ್ಧ. ಬಗೆಗಳು ಇಷ್ಟೊಂದು ಇರುವುದಕ್ಕೆ ಮುಖ್ಯ ಕಾರಣ ಈ ಸ್ಮರಣಾರ್ಥ ನಾಣ್ಯಗಳೇ. ಡಾ. ಅಂಬೇಡ್ಕರರ 125ನೇ ಜನ್ಮವರ್ಷ, ಹೋಮಿ ಭಾಭಾ ಅವರ ಜನ್ಮಶತಾಬ್ದಿ, ಗಾಂಧೀಜಿ ಆಫ್ರಿಕಾದಿಂದ ಮರಳಿದ ನೂರನೇ ವರ್ಷ, ಹೀಗೆ ಒಂದೊಂದಕ್ಕೂ ಒಂದೊಂದು ಅಚ್ಚು. ಗೌರವಕ್ಕೆಂದು ಬದಲಾಯಿಸಿದ ಚಿತ್ರವೇ ಅನುಮಾನಕ್ಕೆ ಕಾರಣವಾಯಿತು! ಅಂಬೇಡ್ಕರರ ಮುಖವಿರುವ ನಾಣ್ಯವನ್ನು ನಕಲಿ ಎಂದು ತಳ್ಳಿದರೆ ಆ ಗೌರವಕ್ಕೆ ಏನು ಅರ್ಥ ಉಳಿಯಿತು?

ಇದರ ನಷ್ಟ ಬೀಳುವುದು ಬಡವರ ಮೇಲೆ. ಕಾರ್ಡಿನಲ್ಲೋ ಮೊಬೈಲಿನಲ್ಲೋ ಹಣ ಕೊಡುವವರಿಗೆ ಇದು ತಮಾಷೆ. ದಿನಗೂಲಿಯಲ್ಲಿ ಐದು ನಾಣ್ಯ ಸಿಕ್ಕ ಅಜ್ಜಿಗೆ ಅದು ಐವತ್ತು ರೂಪಾಯಿ. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ ಬೇಡ ಎಂದರೆ ಆಕೆ ಎಲ್ಲಿಗೆ ಹೋಗಬೇಕು? ಬಡ ವಿಧವೆ ಹಾಕಿದ ಎರಡು ಕಾಸನ್ನು ಯೇಸುಸ್ವಾಮಿ ಎಲ್ಲರಿಗಿಂತ ದೊಡ್ಡ ಕಾಣಿಕೆ ಎಂದು ಎಣಿಸಿದರು. ಆ ಕಾಸನ್ನು ಹಿಂದಕ್ಕೆ ತಳ್ಳಲಿಲ್ಲ.

2011ರ ನಾಣ್ಯ ಕಾಯಿದೆಯ ಪ್ರಕಾರ 1 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮುಖಬೆಲೆಯ ನಾಣ್ಯಗಳು ಒಂದು ಪಾವತಿಯಲ್ಲಿ 1000 ರೂಪಾಯಿಯವರೆಗೆ ಕಾನೂನುಬದ್ಧ ಹಣ. ಇದನ್ನು ಜಗಳವಾಡದೆ, ನಗುಮುಖದಿಂದ ಅಂಗಡಿಯ ಅಣ್ಣನಿಗೆ ಹೇಳಿ. ಅವನೂ ಹೆದರಿಕೆಯಿಂದ ಬೇಡ ಎನ್ನುತ್ತಾನೆ, ತನ್ನಿಂದ ಮುಂದಿನವರು ತೆಗೆದುಕೊಳ್ಳುವುದಿಲ್ಲ ಎಂಬ ಹೆದರಿಕೆ. 1911ರ ಹಂದಿ ರೂಪಾಯಿಯ ಕಥೆಯನ್ನೂ ಹೇಳಿ, ಅವನಿಗೆ ನಗು ಬರಬಹುದು.

ನಾವು ಮಾಡಬಹುದಾದದ್ದು

ಮೊದಲನೆಯದು, ಈ ಭಾನುವಾರ ಮನೆಯ ಹುಂಡಿಯನ್ನು ಬರಿದು ಮಾಡಿ ನೋಡಿ. ಯಾವ ನಾಣ್ಯದಲ್ಲಿ ಯಾರಿದ್ದಾರೆ, ಯಾವ ಟಂಕಸಾಲೆಯದು, ಯಾವ ಇಸವಿಯದು ಎಂದು ತಮ್ಮ ತಂಗಿಯರ ಜೊತೆ ಕುಳಿತು ಪಟ್ಟಿ ಮಾಡಿ. ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡರೆ ಕಾಲಾಣೆ, ಅರೆಕಾಸು, ತೂತುಕಾಸಿನ ಕಥೆಗಳೂ ಹೊರಬರುತ್ತವೆ.

ಎರಡನೆಯದು, ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಎಂದು ಮೊಬೈಲಿಗೆ ಬರುವ ಸಂದೇಶಗಳನ್ನು ನಂಬಬೇಡಿ. ಮುಂಗಡ ಹಣ ಕೇಳಿದರೆ ಅದು ಮೋಸವೇ. ಮನೆಯ ಹಿರಿಯರಿಗೂ ಇದನ್ನು ತಿಳಿಸಿ.

ಮೂರನೆಯದು, ಮತ್ತು ಬಹಳ ಮುಖ್ಯವಾದದ್ದು. ನಿಮ್ಮ ಊರಿನ ಶಾಲೆಯ ಚರಿತ್ರೆಯನ್ನು ಬರೆಯಿರಿ. ಎಲ್ಲ ಶಾಲೆಗೂ ಸರ್ಕಾರ ನಾಣ್ಯ ಹೊರಡಿಸಲಾರದು. ಗೂಡಲೂರಿನದೋ ಮಸಿನಗುಡಿಯದೋ ಒಂದು ಪುಟ್ಟ ಶಾಲೆಗೆ ಐವತ್ತೋ ನೂರೋ ತುಂಬಿದಾಗ ಗೆಜೆಟ್‌ನಲ್ಲಿ ಪ್ರಕಟಣೆ ಬರುವುದಿಲ್ಲ. ಅಲ್ಲಿ ಮೊದಲು ಗಂಟೆ ಬಾರಿಸಿದವರು ಯಾರು, ಜಾಗ ಕೊಟ್ಟವರು ಯಾರು, ಮಳೆಗಾಲದಲ್ಲಿ ಹೊಳೆ ದಾಟಿ ಬರುತ್ತಿದ್ದ ಮೇಷ್ಟ್ರು ಯಾರು, ಮೊದಲ ವರ್ಷ ಸೇರಿದ ಹೆಣ್ಣುಮಕ್ಕಳು ಎಷ್ಟು ಜನ? ಹಾಜರಿ ಪುಸ್ತಕ ಹುಳು ಹಿಡಿಯುವ ಮೊದಲು, ನೆನಪಿರುವ ಹಿರಿಯರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದಿಡಿ. ಬರೆದದ್ದನ್ನು ನಮಗೆ ಕಳುಹಿಸಿದರೆ ಇಲ್ಲೇ ಪ್ರಕಟಿಸೋಣ.

ನಾಲ್ವಡಿ ಕೃಷ್ಣರಾಜ ಒಡೆಯರು 1940ರ ಆಗಸ್ಟ್ 3ರಂದು ತೀರಿಕೊಂಡರು. ಅವರ ಕಾಲದ ರೂಪಾಯಿಗಳ ಮೇಲೆಲ್ಲ ಇದ್ದದ್ದು ಬೇರೆ ದೇಶದ ದೊರೆಯ ಮುಖ. ಆ ರೂಪಾಯಿಗಳಲ್ಲಿ ಒಂದಷ್ಟನ್ನು ಅವರು ಪುಸ್ತಕಕ್ಕೆ, ಪ್ರಯೋಗಾಲಯಕ್ಕೆ, ಬಡ ವಿದ್ಯಾರ್ಥಿಯ ಊಟಕ್ಕೆ ತಿರುಗಿಸಿದರು. ಹಾಗೆ ತಿರುಗಿಸುವುದಕ್ಕೆ ರಾಜರೇ ಆಗಬೇಕೆಂದಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಹೊಸ ಶಾಲಾ ವರ್ಷ ಶುರುವಾಗುವಾಗ ಒಂದು ಮಗುವಿನ ನೋಟ್‌ಬುಕ್ಕಿಗೆ, ಬಸ್ ಪಾಸಿಗೆ, ಪರೀಕ್ಷೆಯ ಶುಲ್ಕಕ್ಕೆ ಹಣ ಕೂಡಿಸುವ ಯುವಕ ಯುವತಿಯರು ಇದ್ದಾರೆ. ಈ ವರ್ಷ ಅವರ ಜೊತೆ ನೀವೂ ಕೈಜೋಡಿಸಿ. ಹತ್ತು ರೂಪಾಯಿಯ ನಾಣ್ಯವೂ ಅಲ್ಲಿ ಖಂಡಿತ ಓಡುತ್ತದೆ.